ಬಾಗಿಲು ತೆಗೆದದ್ದು ಯಾರು? ‘ದಿ ಶೈನಿಂಗ್’ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದಲ್ಲಿ ಜೂನ್ ಬಂತೆಂದರೆ ದೋಣಿಗಳು ದಡ ಸೇರುತ್ತವೆ. ಮಳೆ ಹಿಡಿದರೆ ಸಂಜೆ ಕಳೆಯುವುದೇ ಕಷ್ಟ. ಆಗ ನಾಲ್ಕು ಜನ ಸೇರಿ ಗೋಡೆಗೆ ಬಿಳಿ ಪಂಚೆ ಕಟ್ಟಿ ಸಿನಿಮಾ ನೋಡುವುದು ನಮ್ಮ ರೂಢಿ. ಕೆಲವೊಮ್ಮೆ ಶಿರಸಿ ಹತ್ತಿರದ ಗೆಳೆಯನ ತೋಟದ ಮನೆಯಲ್ಲೂ ಸೇರುತ್ತೇವೆ. ಸ್ಟಾನ್ಲಿ ಕುಬ್ರಿಕ್ ಅವರ 1980ರ ‘ದಿ ಶೈನಿಂಗ್’ ಹಾಕಿದ ರಾತ್ರಿ ಮಾತ್ರ ಸಿನಿಮಾ ಮುಗಿದ ಮೇಲೂ ಯಾರೂ ಏಳುವುದಿಲ್ಲ. ಪ್ರಶ್ನೆಗಳು ಶುರುವಾಗುತ್ತವೆ. ಚಹಾ ಕುಡಿಯುವಾಗ, ದೇವಿಮನೆ ಘಾಟಿ ಇಳಿಯುವ ಬಸ್ಸಿನಲ್ಲಿ, ಆಮೇಲೆ ಬರುವ ಪತ್ರಗಳಲ್ಲಿ ಮತ್ತೆ ಅವೇ ಪ್ರಶ್ನೆಗಳು. ಅವನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ. ಕತೆಯನ್ನು ಪೂರ್ತಿ ಬಿಚ್ಚಿಟ್ಟಿದ್ದೇನೆ, ನೋಡದವರು ಮೊದಲು ನೋಡಿ ಬನ್ನಿ.

## ಮೊದಲ ಸಲ ನೋಡಿದವರು ಕೇಳುವುದು

ನಡೆದದ್ದಾದರೂ ಏನು? ಕತೆಯನ್ನೇ ಒಮ್ಮೆ ನೆಟ್ಟಗೆ ಹೇಳಿ.

ಜ್ಯಾಕ್ ಟೊರೆನ್ಸ್ ಹಿಂದೆ ಮೇಷ್ಟ್ರಾಗಿದ್ದವನು. ಈಗ ಪುಸ್ತಕ ಬರೆಯಬೇಕೆಂದು ಹೊರಟಿದ್ದಾನೆ. ಅಮೆರಿಕದ ಕೊಲರಾಡೊ ಬೆಟ್ಟಗಳಲ್ಲಿ ಓವರ್‌ಲುಕ್ ಎಂಬ ದೊಡ್ಡ ಹೋಟೆಲು. ಅಕ್ಟೋಬರ್ ಕೊನೆಗೆ ಮುಚ್ಚಿದರೆ ಮತ್ತೆ ತೆರೆಯುವುದು ಮೇ ತಿಂಗಳಲ್ಲಿ. ಚಳಿಗಾಲ ಪೂರ್ತಿ ಅದನ್ನು ನೋಡಿಕೊಳ್ಳುವ ಕೆಲಸ ಅವನಿಗೆ ಸಿಗುತ್ತದೆ. ಹೆಂಡತಿ ವೆಂಡಿ ಮತ್ತು ಪುಟ್ಟ ಮಗ ಡ್ಯಾನಿಯನ್ನು ಕರೆದುಕೊಂಡು ಹೋಗುತ್ತಾನೆ. ಮಂಜು ಬಿದ್ದು ದಾರಿ ಮುಚ್ಚುತ್ತದೆ, ಫೋನ್ ಸತ್ತುಹೋಗುತ್ತದೆ. ಜ್ಯಾಕ್ ದಿನದಿಂದ ದಿನಕ್ಕೆ ಬೇರೆಯವನಾಗುತ್ತಾನೆ. ಯಾರೂ ಇಲ್ಲದ ಬಾರಿನಲ್ಲಿ ಕುಡಿಯುತ್ತಾನೆ, ಯಾರೂ ಇಲ್ಲದ ಪಾರ್ಟಿಯಲ್ಲಿ ಓಡಾಡುತ್ತಾನೆ. ಕೊನೆಗೆ ಕೊಡಲಿ ಹಿಡಿದು ಹೆಂಡತಿ ಮಗನ ಬೆನ್ನು ಹತ್ತುತ್ತಾನೆ. ಅವರಿಗೆ ಸಹಾಯ ಮಾಡಲೆಂದು ದೂರದಿಂದ ಬಂದ ಹೋಟೆಲಿನ ಅಡುಗೆಯವ ಹ್ಯಾಲೊರನ್ ಅವನ ಕೈಯಲ್ಲಿ ಸಾಯುತ್ತಾನೆ. ಡ್ಯಾನಿ ಹೊರಗಿನ ಗಿಡಗಳ ಚಕ್ರವ್ಯೂಹದಲ್ಲಿ ಅಪ್ಪನ ಕೈಯಿಂದ ತಪ್ಪಿಸಿಕೊಳ್ಳುತ್ತಾನೆ. ಹ್ಯಾಲೊರನ್ ತಂದ ಮಂಜುಗಾಡಿಯಲ್ಲೇ ತಾಯಿ ಮಗ ಪಾರಾಗುತ್ತಾರೆ. ಜ್ಯಾಕ್ ಅಲ್ಲೇ ಹೆಪ್ಪುಗಟ್ಟಿ ಸಾಯುತ್ತಾನೆ. ಇಷ್ಟರಲ್ಲಿ ಗೊಂದಲವಿಲ್ಲ. ಗೊಂದಲ ಇರುವುದು ‘ಯಾಕೆ’ ಎಂಬಲ್ಲಿ.

ಶೈನಿಂಗ್ ಅಂದ್ರೆ ಏನು? ಆ ಹುಡುಗ ಬೆರಳು ಆಡಿಸಿ ಮಾತಾಡೋದು ಯಾರ ಹತ್ರ?

ಬಾಯಿ ಬಿಡದೆ ಇನ್ನೊಬ್ಬರ ಮನಸ್ಸಿನ ಜೊತೆ ಮಾತಾಡುವ, ಆಗಿಹೋದದ್ದನ್ನೂ ಆಗಲಿರುವುದನ್ನೂ ಕಾಣುವ ಶಕ್ತಿಗೆ ಹ್ಯಾಲೊರನ್‌ನ ಅಜ್ಜಿ ಇಟ್ಟ ಹೆಸರು ಅದು. ಅವನಿಗೂ ಇದೆ, ಡ್ಯಾನಿಗೂ ಇದೆ. ಡ್ಯಾನಿ ಅದಕ್ಕೆ ಟೋನಿ ಎಂದು ಹೆಸರಿಟ್ಟಿದ್ದಾನೆ, ತನ್ನ ಬಾಯೊಳಗೆ ಇರುವ ಹುಡುಗ ಅನ್ನುತ್ತಾನೆ. ಒಂದು ವಿಷಯ ನೆನಪಿಡಿ. ಲಿಫ್ಟಿನಿಂದ ರಕ್ತ ನುಗ್ಗುವುದನ್ನು ಡ್ಯಾನಿ ಕಾಣುವುದು ಹೋಟೆಲಿಗೆ ಕಾಲಿಡುವ ಮೊದಲೇ. ಇದು ಮುಂದೆ ಬೇಕಾಗುತ್ತದೆ.

ನಾನು ನೋಡಿದ್ದರಲ್ಲಿ ಡಾಕ್ಟರ್ ಬರೋ ದೃಶ್ಯವೇ ಇರಲಿಲ್ಲ. ನೀವು ಸುಮ್ನೆ ಹೇಳ್ತಿದ್ದೀರಾ?

ಇಲ್ಲ. ಈ ಸಿನಿಮಾ ಎರಡು ಅಳತೆಯಲ್ಲಿದೆ. ಅಮೆರಿಕದಲ್ಲಿ ಓಡಿದ್ದು 144 ನಿಮಿಷದ್ದು. ಯುರೋಪಿಗೆ ಕುಬ್ರಿಕ್ ಅವರೇ ಕತ್ತರಿ ಹಾಕಿ 119 ನಿಮಿಷಕ್ಕೆ ಇಳಿಸಿದರು. ಡಾಕ್ಟರಮ್ಮ ಡ್ಯಾನಿಯನ್ನು ನೋಡಲು ಬಂದು, ಆಮೇಲೆ ವೆಂಡಿಯ ಜೊತೆ ಕೂತು ಮಾತಾಡುವ ದೃಶ್ಯ ಚಿಕ್ಕದರಲ್ಲಿ ಇಲ್ಲ. ನನ್ನ ಮಟ್ಟಿಗೆ ಇಡೀ ಸಿನಿಮಾದ ಬೀಗದ ಕೈ ಅದೇ ದೃಶ್ಯ. ಆದ್ದರಿಂದ ದೊಡ್ಡದನ್ನೇ ಹುಡುಕಿ ನೋಡಿ.

ಮೂರನೆಯದೂ ಒಂದಿತ್ತು. ಬಿಡುಗಡೆಯಾದಾಗ ಕೊನೆಯಲ್ಲಿ ಆಸ್ಪತ್ರೆಯ ದೃಶ್ಯವಿತ್ತು. ಹೋಟೆಲಿನ ಮ್ಯಾನೇಜರ್ ಉಲ್‌ಮನ್ ತಾಯಿ ಮಗನನ್ನು ನೋಡಲು ಬರುತ್ತಾನೆ. ಬಿಡುಗಡೆಯಾಗಿ ವಾರ ಕಳೆಯುವಷ್ಟರಲ್ಲಿ ಕುಬ್ರಿಕ್ ಅದನ್ನು ತೆಗೆಸಿದರು.

‘ರೆಡ್ರಂ’ ಅಂದ್ರೆ?

ಡ್ಯಾನಿ ಬಾಗಿಲ ಮೇಲೆ ಅಮ್ಮನ ಲಿಪ್‌ಸ್ಟಿಕ್ಕಿನಲ್ಲಿ ಬರೆಯುವ ಪದ. ಇಂಗ್ಲಿಷ್ ಅಕ್ಷರಗಳನ್ನು ಹಿಂದಿನಿಂದ ಓದಿದರೆ ‘ಮರ್ಡರ್’, ಅಂದರೆ ಕೊಲೆ. ವೆಂಡಿಗೆ ಅದು ತಿಳಿಯುವುದು ಕನ್ನಡಿಯಲ್ಲಿ ನೋಡಿದಾಗ.

ಬರೀ ಮಂಜು ಬಿದ್ದದ್ದಕ್ಕೆ ಮನುಷ್ಯ ಹುಚ್ಚನಾಗ್ತಾನಾ?

ಇದನ್ನು ಕೇಳಿದವರು ಹೆಚ್ಚಾಗಿ ಪೇಟೆಯವರು. ಘಟ್ಟದ ಮೇಲಿನ ಒಂಟಿ ಮನೆಯವರು ಕೇಳುವುದಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಆಷಾಢದಲ್ಲಿ ಹಳ್ಳ ತುಂಬಿ ಕಾಲುಸಂಕ ಮುಳುಗಿದರೆ ಪಕ್ಕದ ಮನೆಯೂ ದೂರವಾಗುತ್ತದೆ. ಕರೆಂಟ್ ಇಲ್ಲ, ಬಟ್ಟೆ ಒಣಗುವುದಿಲ್ಲ, ಹೆಂಚಿನ ಮೇಲೆ ಒಂದೇ ಸಮ ಸದ್ದು. ಐದನೇ ದಿನ ಯಾರೋ ಲೋಟ ಕೆಳಗಿಟ್ಟ ಶಬ್ದಕ್ಕೂ ಸಿಟ್ಟು ಬರುತ್ತದೆ. ನಮಗೆ ಅದು ವಾರದ ಮಾತು. ಜ್ಯಾಕ್‌ಗೆ ತಿಂಗಳುಗಟ್ಟಲೆ.

ಉಲ್‌ಮನ್ ಮೊದಲೇ ಎಚ್ಚರಿಸುತ್ತಾನೆ. 1970ರ ಚಳಿಗಾಲದಲ್ಲಿ ಗ್ರೇಡಿ ಎಂಬ ಮೇಲ್ವಿಚಾರಕ ಇದೇ ಒಂಟಿತನಕ್ಕೆ ಸಿಕ್ಕಿ ಹೆಂಡತಿ ಮಕ್ಕಳನ್ನು ಕೊಡಲಿಯಿಂದ ಕೊಂದು, ತಾನೂ ಗುಂಡು ಹಾರಿಸಿಕೊಂಡ ಎನ್ನುತ್ತಾನೆ. ಜ್ಯಾಕ್ ನಗುತ್ತಾನೆ. ನಡುನಡುವೆ ಕಪ್ಪು ಪರದೆಯ ಮೇಲೆ ಬರುವ ಬರಹಗಳನ್ನೂ ಗಮನಿಸಿ. ಮೊದಲು ‘ಒಂದು ತಿಂಗಳ ನಂತರ’. ಆಮೇಲೆ ಬರೀ ವಾರದ ಹೆಸರು: ಮಂಗಳವಾರ, ಗುರುವಾರ, ಶನಿವಾರ. ಕೊನೆಗೆ ಗಂಟೆ: ಬೆಳಿಗ್ಗೆ 8, ಸಂಜೆ 4. ಯಾವ ತಿಂಗಳಿನ ಮಂಗಳವಾರ ಎಂದು ಹೇಳುವುದೇ ಇಲ್ಲ. ಮಳೆಯಲ್ಲಿ ಸಿಕ್ಕಿಕೊಂಡವರಿಗೆ ದಿನ ತಪ್ಪುವುದು ಹೀಗೇ ಅಲ್ವಾ?

## ಮರುದಿನ ಬೆಳಿಗ್ಗೆ ಫೋನ್ ಮಾಡಿ ಕೇಳುವುದು

ಒಂದೇ ಮಾತಲ್ಲಿ ಹೇಳಿ, ದೆವ್ವ ನಿಜವಾ ಅಥವಾ ಎಲ್ಲಾ ಜ್ಯಾಕ್‌ನ ತಲೆಯೊಳಗಾ?

ಒಂದೇ ಮಾತಲ್ಲಿ ಆಗುವುದಿಲ್ಲ. ಸಿನಿಮಾ ತಕ್ಕಡಿಯ ಎರಡೂ ತಟ್ಟೆಗೆ ತೂಕ ಹಾಕುತ್ತಾ ಹೋಗುತ್ತದೆ.

ಮೊದಲು ತಲೆಯೊಳಗಿನ ತಟ್ಟೆ. ಜ್ಯಾಕ್ ಯಾರನ್ನಾದರೂ ‘ನೋಡಿದಾಗ’ ಅಲ್ಲೊಂದು ಕನ್ನಡಿ ಇರುತ್ತದೆ. ಬಾರ್‌ನವ ಲಾಯ್ಡ್ ಕಾಣಿಸಿಕೊಂಡಾಗ ಅವನ ಹಿಂದೆ ಇಡೀ ಗೋಡೆ ಕನ್ನಡಿ. ಗ್ರೇಡಿ ಸಿಗುವ ಕೆಂಪು ಬಚ್ಚಲಲ್ಲೂ ಕನ್ನಡಿಗಳ ಸಾಲು. 237ನೇ ಕೋಣೆಯಲ್ಲಿ ತಬ್ಬಿಕೊಂಡ ಚೆಲುವೆ ಕೊಳೆತ ಮುದುಕಿ ಎಂದು ಅವನಿಗೆ ತಿಳಿಯುವುದೂ ಕನ್ನಡಿಯಲ್ಲೇ. ಅವನು ತನ್ನ ಜೊತೆ ತಾನೇ ಮಾತಾಡುತ್ತಿದ್ದಾನೆ ಎಂದು ಓದಲು ಇದು ಸಾಕು. ಒಂದು ಲೋಟ ಬಿಯರ್‌ಗಾಗಿ ಆತ್ಮವನ್ನೇ ಕೊಟ್ಟೇನು ಎಂದ ಮರುಕ್ಷಣ ಲಾಯ್ಡ್ ಎದುರಿಗೆ ನಿಂತಿರುತ್ತಾನೆ. ವೆಂಡಿ ಓಡಿಬಂದಾಗ ಅಲ್ಲಿ ಯಾರೂ ಇಲ್ಲ, ಬಾಟಲಿಯೂ ಇಲ್ಲ.

ಕನ್ನಡಿಯ ವಿಷಯ ನನಗೆ ಹೊಳೆದದ್ದು ಯಕ್ಷಗಾನದ ಚೌಕಿಯಲ್ಲಿ. ಕಲಾವಿದರು ನೆಲದ ಮೇಲೆ ಕೂತು, ಒಂದು ಕೈಯಲ್ಲಿ ಸಣ್ಣ ಕನ್ನಡಿ ಹಿಡಿದು, ತಮ್ಮ ಮುಖಕ್ಕೆ ತಾವೇ ಬಣ್ಣ ಬರೆದುಕೊಳ್ಳುತ್ತಾರೆ. ಬಣ್ಣದ ವೇಷದವರೊಬ್ಬರನ್ನು ಒಂದು ರಾತ್ರಿ ಪಕ್ಕದಲ್ಲೇ ಕೂತು ನೋಡಿದೆ. ಶುರುವಿನಲ್ಲಿ ನನ್ನ ಜೊತೆ ಅಡಿಕೆ ದರ ಮಾತಾಡುತ್ತಿದ್ದರು. ಹಣೆಯ ಬಿಳಿ ಗೆರೆ ಮುಗಿದು ಕಣ್ಣಿನ ಸುತ್ತ ಕಪ್ಪು ತುಂಬುವ ಹೊತ್ತಿಗೆ ಉತ್ತರ ಬರುವುದು ನಿಂತಿತು. ಕಣ್ಣು ಕನ್ನಡಿ ಬಿಟ್ಟು ಕದಲಲಿಲ್ಲ. ಕನ್ನಡಿ ಕೆಳಗಿಟ್ಟಾಗ ಉಸಿರು ಬಿಡುವ ರೀತಿಯೇ ಬೇರೆಯಾಗಿತ್ತು. ಅವರು ಬೆಳಗಾದರೆ ಬಣ್ಣ ತೆಗೆದು ಮನೆಗೆ ಹೋಗುತ್ತಾರೆ. ಜ್ಯಾಕ್ ಬಣ್ಣ ತೆಗೆಯಲೇ ಇಲ್ಲ.

ಈಗ ಇನ್ನೊಂದು ತಟ್ಟೆ. ಡ್ಯಾನಿ ದೂರದ ಮನೆಯಲ್ಲಿದ್ದಾಗಲೇ ಹೋಟೆಲಿನ ರಕ್ತ ಕಂಡ. 237ರ ಹತ್ತಿರ ಹೋಗಬೇಡ ಎಂದು ಹ್ಯಾಲೊರನ್ ಮೊದಲ ದಿನವೇ ಹೇಳಿದ. ಎಲ್ಲವೂ ಜ್ಯಾಕ್‌ನ ಭ್ರಮೆಯಾದರೆ ಇವರಿಬ್ಬರಿಗೆ ಕಂಡದ್ದು ಏನು? ಕೊನೆಗೆ ಏನನ್ನೂ ನಂಬದ ವೆಂಡಿಗೂ ಹೋಟೆಲಿನ ‘ಅತಿಥಿಗಳು’ ಕಾಣುತ್ತಾರೆ. ಹಾಗಾಗಿ ಬರೀ ಭ್ರಮೆ ಅನ್ನುವ ಓದು ಕೊನೆಯವರೆಗೆ ನಿಲ್ಲುವುದಿಲ್ಲ.

ಹಾಗಾದ್ರೆ ಉಗ್ರಾಣದ ಬಾಗಿಲು ತೆಗೆದದ್ದು ಯಾರು ಮಾರಾಯ್ರೆ?

ಅತಿ ಹೆಚ್ಚು ಬಂದ ಪ್ರಶ್ನೆ ಇದೇ. ವೆಂಡಿ ಜ್ಯಾಕ್‌ನ ತಲೆಗೆ ಬ್ಯಾಟಿನಿಂದ ಹೊಡೆದು, ಎಳೆದು ತಂದು ಉಗ್ರಾಣದಲ್ಲಿ ಕೂಡುತ್ತಾಳೆ. ಚಿಲಕ ಹೊರಗಿದೆ. ಒಳಗೆ ಕನ್ನಡಿ ಇಲ್ಲ, ಡಬ್ಬಗಳು ಮಾತ್ರ. ಗ್ರೇಡಿಯ ಮುಖ ಕಾಣುವುದಿಲ್ಲ, ಬಾಗಿಲಾಚೆಯಿಂದ ದನಿ ಮಾತ್ರ ಕೇಳುತ್ತದೆ. ಜ್ಯಾಕ್ ಮಾತು ಕೊಡುತ್ತಾನೆ. ಆಮೇಲೆ ಚಿಲಕ ಸರಿಯುವ ಸದ್ದು. ಮುಂದಿನ ಸಲ ನಾವು ನೋಡುವಾಗ ಅವನ ಕೈಯಲ್ಲಿ ಕೊಡಲಿ.

ವೆಂಡಿ ಗಡಿಬಿಡಿಯಲ್ಲಿ ಚಿಲಕ ಸರಿಯಾಗಿ ಹಾಕಿರಲಿಲ್ಲ ಎಂದು ಕೆಲವರು, ಡ್ಯಾನಿಯೇ ತೆಗೆದ ಎಂದು ಇನ್ನು ಕೆಲವರು. ಎರಡೂ ನನಗೆ ಒಪ್ಪಿಗೆಯಿಲ್ಲ. ಚಿಲಕ ಹಾಕಲು ಅವಳು ಒದ್ದಾಡುವುದು ನಿಜ. ಆದರೆ ಹಾಕಿದ ಮೇಲೆ ಜ್ಯಾಕ್ ಒಳಗಿಂದ ಬಾಗಿಲು ದೂಡಿ ನೋಡುತ್ತಾನೆ, ಅದು ಬರುವುದಿಲ್ಲ. ಕುಬ್ರಿಕ್ ಕೂಡ ಫ್ರೆಂಚ್ ವಿಮರ್ಶಕ ಮಿಶೆಲ್ ಸಿಮಾಂ ಜೊತೆಗಿನ ಮಾತುಕತೆಯಲ್ಲಿ ಇದೇ ಅರ್ಥದ ಮಾತು ಹೇಳಿದ್ದಾರೆ. ಎಲ್ಲಕ್ಕೂ ಮನಸ್ಸೇ ಕಾರಣವಿರಬಹುದು ಎಂದು ನೋಡುವವರು ನಂಬಿಕೊಂಡೇ ಬರುತ್ತಾರೆ, ಈ ಚಿಲಕ ಸರಿದಾಗ ಮಾತ್ರ ಬೇರೆ ಕಾರಣ ಉಳಿಯುವುದಿಲ್ಲ ಎಂದು. ಅಲ್ಲಿಯವರೆಗೆ ನಿಮಗೆ ಅನುಮಾನ ಬಂದಿದ್ದರೆ ಅದು ನಿಮ್ಮ ಬುದ್ಧಿಯ ಕೊರತೆಯಲ್ಲ. ಅನುಮಾನ ಬರಲೆಂದೇ ಅಷ್ಟು ಹೊತ್ತು ಹಾಗೆ ಕಟ್ಟಿದ್ದಾರೆ.

237ರೊಳಗೆ ಡ್ಯಾನಿಯ ಕತ್ತು ಹಿಸುಕಿದ್ದು ಯಾರು?

ಕೋಣೆಯೊಳಗೆ ನಡೆದದ್ದನ್ನು ಕ್ಯಾಮೆರಾ ತೋರಿಸುವುದಿಲ್ಲ. ಬಾಗಿಲು ತೆರೆದದ್ದು ಕಾಣುತ್ತದೆ, ಆಮೇಲೆ ನಾವು ಜ್ಯಾಕ್‌ನ ಹತ್ತಿರ ಇರುತ್ತೇವೆ. ಅವನು ಮೇಜಿನ ಮೇಲೆ ತಲೆಯಿಟ್ಟು ಮಲಗಿ, ಹೆಂಡತಿ ಮಗನನ್ನು ತಾನೇ ಕೊಂದಂತೆ ಕನಸು ಕಂಡು ಕಿರುಚುತ್ತಾನೆ. ಅದೇ ಹೊತ್ತಿಗೆ ಡ್ಯಾನಿ ಹರಿದ ಸ್ವೆಟರ್, ಕತ್ತಿನ ಮೇಲೆ ಕಲೆ ಹೊತ್ತು ಬರುತ್ತಾನೆ. ವೆಂಡಿ ಒಡನೆ ಗಂಡನನ್ನೇ ದೂರುತ್ತಾಳೆ. ಅವಳಿಗೆ ಅನುಭವ ಇದೆ. ಆಮೇಲೆ ಕೋಣೆಯಲ್ಲಿದ್ದ ಒಬ್ಬ ಹುಚ್ಚು ಹೆಂಗಸು ಹೀಗೆ ಮಾಡಿದಳೆಂದು ಡ್ಯಾನಿ ಹೇಳಿದ ಎಂದು ಮಾತು ಬದಲಿಸುತ್ತಾಳೆ. ಜ್ಯಾಕ್ ಹೋಗಿ ಆ ಹೆಂಗಸನ್ನು ಕಣ್ಣಾರೆ ಕಂಡು ಬಂದು, ಅಲ್ಲಿ ಏನೂ ಇಲ್ಲ ಅನ್ನುತ್ತಾನೆ. ಆ ಸುಳ್ಳಿನಲ್ಲಿ ಅವನು ಹೋಟೆಲಿನ ಪಕ್ಷ ಸೇರಿದ ಎಂದು ನಾನು ಓದುತ್ತೇನೆ.

ಕಾದಂಬರಿಯಲ್ಲಿ ಕೋಣೆಯ ಸಂಖ್ಯೆ 217. ಹೊರನೋಟಕ್ಕೆ ಬಳಸಿದ ಆರೆಗನ್‌ನ ಟಿಂಬರ್‌ಲೈನ್ ಲಾಡ್ಜ್‌ನವರು, ಆ ಕೋಣೆಗೆ ಮುಂದೆ ಯಾರೂ ಬರಲಿಕ್ಕಿಲ್ಲ ಎಂದು ಬದಲಿಸಲು ಕೇಳಿಕೊಂಡರು. ಸಂಖ್ಯೆಯಲ್ಲಿ ಗುಟ್ಟು ಹುಡುಕುವವರಿಗೆ ಈ ಮಾತು ಹೇಳಬೇಕಾಗುತ್ತದೆ.

ಆ ಇಬ್ಬರು ಅವಳಿ ಹುಡುಗಿಯರು?

ಗ್ರೇಡಿಯ ಮಕ್ಕಳು. ಅವಳಿ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಉಲ್‌ಮನ್ ಹೇಳುವ ಲೆಕ್ಕದಲ್ಲಿ ಒಬ್ಬಳಿಗೆ ಸುಮಾರು 8, ಇನ್ನೊಬ್ಬಳಿಗೆ 10. ಒಂದೇ ಥರದ ಫ್ರಾಕು ನಮ್ಮನ್ನು ತಪ್ಪಿಸುತ್ತದೆ.

ಹಿಮದಲ್ಲಿ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ಹಿಂದೆ ಬಂದರೆ ದೊಡ್ಡವರಿಗೆ ಗೊತ್ತಾಗಲ್ವಾ?

ಇದನ್ನು ಕೇಳಿದ್ದು ಒಂಬತ್ತು ವರ್ಷದ ನನ್ನ ಅಕ್ಕನ ಮಗ. ಸಿನಿಮಾ ಅವನಿಗೆ ತೋರಿಸಿಲ್ಲ, ದೊಡ್ಡವರ ಮಾತು ಕೇಳಿಸಿಕೊಂಡಿದ್ದ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಅಲೆ ಈಗಷ್ಟೇ ಹಿಂದೆ ಸರಿದ ಗಟ್ಟಿ ಮರಳಿನ ಮೇಲೆ ಮಾಡಿ ನೋಡಿದೆವು. ಇಪ್ಪತ್ತು ಹೆಜ್ಜೆ ಮುಂದೆ, ಅದೇ ಗುರುತಿನ ಮೇಲೆ ಹತ್ತು ಹೆಜ್ಜೆ ಹಿಂದೆ, ಆಮೇಲೆ ಪಕ್ಕಕ್ಕೆ ಒಂದು ಜಿಗಿತ. ಬಗ್ಗಿ ನೋಡಿದರೆ ವ್ಯತ್ಯಾಸ ಇತ್ತು. ಹಿಮ್ಮಡಿಯ ಅಂಚು ಕುಸಿದಿತ್ತು, ಬೆರಳಿನ ಗುಳಿ ಎರಡಾಗಿತ್ತು. ನಿಂತುಕೊಂಡು ನೋಡಿದರೆ ಮಾತ್ರ ಒಬ್ಬ ಹುಡುಗ ನಡೆದು ಹೋಗಿ ಗಾಳಿಯಲ್ಲಿ ಮಾಯವಾದಂತೆ ಕಾಣುತ್ತಿತ್ತು.

ಜ್ಯಾಕ್ ರಾತ್ರಿಯಲ್ಲಿದ್ದಾನೆ, ಕುಂಟುತ್ತಿದ್ದಾನೆ, ಬಗ್ಗಿ ನೋಡುವ ತಾಳ್ಮೆ ಅವನಿಗಿಲ್ಲ. ಡ್ಯಾನಿ ಪಕ್ಕಕ್ಕೆ ಸರಿದು ಆ ಗುರುತುಗಳನ್ನೂ ಅಳಿಸುತ್ತಾನೆ. ಇದಕ್ಕೆ ಇನ್ನೊಂದು ಅರ್ಥವೂ ಇದೆ. ಅಪ್ಪ ಹಳೆಯ ಹೆಜ್ಜೆಯಲ್ಲೇ ಸುತ್ತುತ್ತಾ ಸಾಯುತ್ತಾನೆ. ಅದೇ ಹೆಜ್ಜೆಗಳನ್ನು ಹಿಂದಕ್ಕೆ ತುಳಿದು ಮಗ ಹೊರಗೆ ಬರುತ್ತಾನೆ.

## ಎರಡು ಮೂರು ಸಲ ನೋಡಿದವರ ಪ್ರಶ್ನೆಗಳು

ಉಲ್‌ಮನ್ ಹೇಳಿದ್ದು ಚಾರ್ಲ್ಸ್ ಗ್ರೇಡಿ. ಬಚ್ಚಲಲ್ಲಿ ಸಿಗೋನು ಡೆಲ್ಬರ್ಟ್ ಗ್ರೇಡಿ. ಬರೆಯುವಾಗ ತಪ್ಪಿತಾ?

ನಾಯಕನ ಒಂದೊಂದು ದೃಶ್ಯವನ್ನೂ ಹತ್ತಾರು ಸಲ ತೆಗೆಸಿದವರು ಕತೆಯ ಮುಖ್ಯ ಹೆಸರಲ್ಲಿ ಎಡವಿದರು ಎನ್ನಲು ನನಗೆ ಮನಸ್ಸಿಲ್ಲ. ಬಚ್ಚಲಿನ ಗ್ರೇಡಿ ಹಳೇ ಕಾಲದ ಬಟ್ಲರ್ ಥರ ಇದ್ದಾನೆ. ತಾನು ಇಲ್ಲಿ ಮೇಲ್ವಿಚಾರಕನೇ ಆಗಿರಲಿಲ್ಲ, ಮೊದಲಿನಿಂದಲೂ ನೀವೇ ಮೇಲ್ವಿಚಾರಕರು ಎನ್ನುತ್ತಾನೆ. ಅಂದರೆ ಒಂದೇ ಜೀವ ಬೇರೆ ಬೇರೆ ಹೆಸರಲ್ಲಿ ಈ ಹೋಟೆಲಿಗೆ ಮತ್ತೆ ಮತ್ತೆ ಬರುತ್ತಿದೆ. ಚಾರ್ಲ್ಸ್ 1970ರಲ್ಲಿ ಬಂದವನು, ಡೆಲ್ಬರ್ಟ್ ಅದಕ್ಕೂ ಹಿಂದಿನವನು. ಪುನರ್ಜನ್ಮದ ಮಾತು ಕೇಳಿ ಬೆಳೆದ ನಮಗೆ ಇದು ಕಷ್ಟವೇ ಅಲ್ಲ.

ಜ್ಯಾಕ್ ಬರೆದ ಪುಟಗಳಲ್ಲಿ ಒಂದೇ ಸಾಲು ಯಾಕೆ?

ಬರೀ ದುಡಿಮೆ, ಆಟವಿಲ್ಲ, ಹುಡುಗ ಮಂಕಾದ ಎಂಬ ಅರ್ಥದ ಹಳೆಯ ಇಂಗ್ಲಿಷ್ ಗಾದೆ ಅದು. ಕಟ್ಟುಗಟ್ಟಲೆ ಹಾಳೆ ತುಂಬ ಅದೇ. ಬೇರೆ ಭಾಷೆಯ ಪ್ರತಿಗಳಿಗಾಗಿ ಕುಬ್ರಿಕ್ ಬೇರೆ ಬೇರೆ ಗಾದೆ ಟೈಪ್ ಮಾಡಿಸಿದ್ದರು. ಇಟಾಲಿಯನ್‌ನಲ್ಲಿ ಬೆಳಗಿನ ಬಾಯಲ್ಲಿ ಚಿನ್ನವಿದೆ ಎಂಬ ಗಾದೆ. ಕನ್ನಡದ್ದು ಇದ್ದಿದ್ದರೆ ‘ಮಾಡಿದ್ದುಣ್ಣೋ ಮಹಾರಾಯ’ ಸರಿಹೋಗುತ್ತಿತ್ತು ಎಂದು ನನಗನಿಸುತ್ತದೆ.

ಕುರ್ಚಿ ಮಾಯವಾಗೋದು, ಕಿಟಕಿ ಇರಬಾರದ ಕಡೆ ಕಿಟಕಿ ಇರೋದು, ಇದೆಲ್ಲ ಬೇಕಂತಲೇ ಮಾಡಿದ್ದಾ?

ಉಲ್‌ಮನ್ ಕೋಣೆಯ ಕಿಟಕಿಯಿಂದ ಬೆಳಕು ಬರುತ್ತದೆ. ಆದರೆ ಆ ಕೋಣೆ ಕಟ್ಟಡದ ನಡುವೆ ಇದೆ, ಅಲ್ಲಿ ಹೊರಗೋಡೆ ಇರಲು ಸಾಧ್ಯವೇ ಇಲ್ಲ. ಒಳಾಂಗಣ ಪೂರ್ತಿ ಇಂಗ್ಲೆಂಡಿನ ಎಲ್‌ಸ್ಟ್ರೀ ಸ್ಟುಡಿಯೋದಲ್ಲಿ ಕಟ್ಟಿದ ಸೆಟ್. ಕಿಟಕಿ ಬೇಕಂತಲೇ ಇರಬಹುದು. ಜ್ಯಾಕ್‌ನ ಹಿಂದಿನ ಕುರ್ಚಿ ಒಂದು ಶಾಟ್‌ನಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿರುವುದು ಕಣ್ತಪ್ಪು ಇದ್ದರೂ ಇರಬಹುದು. ಎರಡನ್ನೂ ಒಂದೇ ಚೀಲಕ್ಕೆ ತುಂಬಬೇಡಿ. ಚಂದ್ರನ ಮೇಲೆ ಇಳಿದದ್ದು ನಾಟಕ ಎಂಬ ತಪ್ಪೊಪ್ಪಿಗೆ ಈ ಸಿನಿಮಾದಲ್ಲಿದೆ ಎನ್ನುವವರೂ ಇದ್ದಾರೆ. ಅದಕ್ಕೆ ನಾನು ಸಮಯ ಕೊಡುವುದಿಲ್ಲ. ಮೂಲನಿವಾಸಿಗಳ ಸ್ಮಶಾನದ ಮೇಲೆ ಹೋಟೆಲು ಕಟ್ಟಿದ್ದು ಎಂಬ ಮಾತು ಮಾತ್ರ ಉಲ್‌ಮನ್ ಬಾಯಲ್ಲೇ ಬರುತ್ತದೆ. ಅದನ್ನು ಹಿಡಿದು ಹೊರಟವರ ಓದಿಗೆ ನೆಲವಿದೆ.

ಕಾದಂಬರಿಯಲ್ಲೂ ಹೀಗೇನಾ?

ಇಲ್ಲ. ಸ್ಟೀಫನ್ ಕಿಂಗ್ ಅವರ 1977ರ ಕಾದಂಬರಿಯಲ್ಲಿ ಬಾಯ್ಲರ್ ಸಿಡಿದು ಹೋಟೆಲು ಸುಟ್ಟುಹೋಗುತ್ತದೆ, ಹ್ಯಾಲೊರನ್ ಬದುಕುತ್ತಾನೆ. ಅಲ್ಲಿನ ಜ್ಯಾಕ್ ಒಳ್ಳೆಯವನಾಗಿದ್ದು ನಿಧಾನಕ್ಕೆ ಜಾರುತ್ತಾನೆ. ಸಿನಿಮಾದ ಜ್ಯಾಕ್ ಕಾರಿನಲ್ಲಿ ಹೋಟೆಲಿಗೆ ಹೋಗುವಾಗಲೇ ಹೆಂಡತಿಯ ಮಾತಿಗೆ ಹಲ್ಲು ಕಚ್ಚುತ್ತಾನೆ. ಕಿಂಗ್ ಅವರಿಗೆ ಸಿನಿಮಾ ಹಿಡಿಸದಿರಲು ಇದೂ ಒಂದು ಕಾರಣ.

ವೆಂಡಿ ಹೇಳೋದು ಐದು ತಿಂಗಳು, ಜ್ಯಾಕ್ ಹೇಳೋದು ಮೂರು ವರ್ಷ. ಯಾವುದು ಸರಿ?

ಈ ಪ್ರಶ್ನೆಗಾಗಿಯೇ ನಾನು ಇಷ್ಟೆಲ್ಲ ಬರೆದದ್ದು.

ಡಾಕ್ಟರಮ್ಮನ ದೃಶ್ಯ. ವೆಂಡಿ ಸೋಫಾದಲ್ಲಿ ಕೂತಿದ್ದಾಳೆ, ಕೈಯಲ್ಲಿ ಸಿಗರೇಟು. ಮಗನ ಭುಜದ ಕೀಲು ತಪ್ಪಿದ ಕತೆ ಹೇಳುತ್ತಾಳೆ. ಮಗು ಕಾಗದಗಳನ್ನು ಚೆಲ್ಲಾಡಿತ್ತು, ಕುಡಿದು ಬಂದ ಗಂಡ ತೋಳು ಹಿಡಿದು ಎಳೆದ, ಸ್ವಲ್ಪ ಜಾಸ್ತಿ ಬಲ ಬಿತ್ತು, ಅಷ್ಟೇ. ಮುಖದಲ್ಲಿ ನಗು. ಸಿಗರೇಟಿನ ಬೂದಿ ಉದ್ದವಾಗುತ್ತಲೇ ಇದೆ, ಅವಳಿಗೆ ಕೊಡವುವ ನೆನಪಿಲ್ಲ. ಅದರಿಂದ ಒಳ್ಳೆಯದೇ ಆಯಿತು, ಅವರು ಕುಡಿತ ಬಿಟ್ಟು ಐದು ತಿಂಗಳಾಯಿತು ಎನ್ನುತ್ತಾಳೆ. ಎದುರಿಗೆ ಡಾಕ್ಟರಮ್ಮನ ಮುಖ ನೋಡಿ. ಅವರು ನಗುವುದಿಲ್ಲ. ಮುಂದೆ ಬಾರಿನಲ್ಲಿ ಜ್ಯಾಕ್ ಲಾಯ್ಡ್‌ಗೆ, ಅದು ಮೂರು ವರ್ಷದ ಹಿಂದಿನ ಮಾತು ಎಂದು ರೇಗುತ್ತಾನೆ. ಹಾಗಾದರೆ ಮಗನ ಭುಜದ ಕೀಲು ತಪ್ಪಿಸಿದ ಮೇಲೂ ಎರಡು ವರ್ಷಕ್ಕೂ ಹೆಚ್ಚು ಕಾಲ ಕುಡಿದನೇ? ಅಥವಾ ಆಮೇಲೆ ಇನ್ನೊಂದು ಸಲ ಏನೋ ಆಯಿತೇ? ಇಬ್ಬರಲ್ಲಿ ಒಬ್ಬರು ಮುಚ್ಚಿಡುತ್ತಿದ್ದಾರೆ. ನನ್ನ ಊಹೆ, ಇಬ್ಬರೂ.

ಶಿರಸಿಯ ಆ ಮನೆಯಲ್ಲಿ ಸಿನಿಮಾ ಮುಗಿದಾಗ ಗಂಡಸರೆಲ್ಲ ದೆವ್ವ ಇದೆ, ಇಲ್ಲ ಎಂದು ಜೋರಾಗಿ ವಾದಿಸುತ್ತಿದ್ದೆವು. ಗೆಳೆಯನ ಅತ್ತೆ ಲೋಟ ಎತ್ತಿಕೊಂಡು ಒಳಗೆ ಹೊರಟವರು ನಿಂತು ಕೇಳಿದರು: “ದೆವ್ವ ಬರೋದಕ್ಕೆ ಮುಂಚೇನೇ ಮಗು ಕೈ ತಿರುಚಿದ್ದ ಅಲ್ವಾ?” ಯಾರಿಗೂ ಉತ್ತರ ಬರಲಿಲ್ಲ. ನಮ್ಮ ಕಡೆ ಗಂಡಸು ಮನೆಯಲ್ಲಿ ಕೈ ಮಾಡಿದರೆ ‘ಗಾಳಿ ಸೋಕಿದೆ’ ಅನ್ನುವವರು ಇದ್ದಾರೆ. ಚೌಡಿಗೆ ಹರಕೆ ಹೇಳಿಕೊಳ್ಳುತ್ತಾರೆ, ನಿಂಬೆಹಣ್ಣು ಮಂತ್ರಿಸುತ್ತಾರೆ. ಏಟು ತಿಂದವಳನ್ನು ಕೂರಿಸಿ ಇದು ಎಷ್ಟನೇ ಸಲ ಎಂದು ಕೇಳುವುದಿಲ್ಲ. ಓವರ್‌ಲುಕ್‌ನಲ್ಲಿ ದೆವ್ವ ಇದೆ ಎಂದು ನಾನು ಒಪ್ಪುತ್ತೇನೆ. ಚಿಲಕ ಅದೇ ತೆಗೆಯಿತು. ಆದರೆ ಗ್ರೇಡಿ ಹೆಂಡತಿ ಮಕ್ಕಳನ್ನು ‘ತಿದ್ದಿದೆ’ ಎಂದಾಗ ಜ್ಯಾಕ್‌ಗೆ ಅದರ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಕೊನೆಯ ಫೋಟೋ! 1921ರಲ್ಲಿ ಅವನು ಹೇಗೆ ಬಂದ?

ಹೋಟೆಲಿನ ಗೋಡೆಯ ಮೇಲಿನ ಗುಂಪಿನ ಚಿತ್ರ, 1921ರ ಜುಲೈ 4ರ ಪಾರ್ಟಿಯದ್ದು. ಎಲ್ಲರ ಮುಂದೆ ನಗುತ್ತಾ ನಿಂತವನು ಜ್ಯಾಕ್. ಇದು ಅವನ ಹಿಂದಿನ ಜನ್ಮವನ್ನು ಸೂಚಿಸುತ್ತದೆ ಎಂದು ಕುಬ್ರಿಕ್ ಅದೇ ಮಾತುಕತೆಯಲ್ಲಿ ಹೇಳಿದ್ದಾರೆ. ಸತ್ತ ಮೇಲೆ ಹೋಟೆಲು ಅವನನ್ನು ಒಳಗೆ ಎಳೆದುಕೊಂಡಿತು, ಆಗ ಫೋಟೋದಲ್ಲಿ ಒಂದು ಮುಖ ಹೆಚ್ಚಾಯಿತು ಎಂಬ ಓದೂ ಇದೆ. ಸಿನಿಮಾದಲ್ಲಿ ಎಲ್ಲೂ ನಾವು ಆ ಫೋಟೋವನ್ನು ಮೊದಲು ಹತ್ತಿರದಿಂದ ನೋಡುವುದಿಲ್ಲ, ಹಾಗಾಗಿ ಎರಡಕ್ಕೂ ಜಾಗ ಉಳಿದಿದೆ.

ನನ್ನ ಕಣ್ಣು ಹೋಗುವುದು ಬೇರೆ ಕಡೆ. ಮಲೆನಾಡಿನ ಹಳೇ ಮನೆಗಳ ಜಗಲಿಯಲ್ಲೂ ಇಂಥ ಗುಂಪಿನ ಫೋಟೋ ಇರುತ್ತದೆ, ಯಾರದೋ ಮದುವೆ, ಯಾರದೋ ಉಪನಯನ. ಅದರಲ್ಲಿ ಅಜ್ಜನ ಪಕ್ಕ ಅಜ್ಜಿ ಇರುತ್ತಾಳೆ, ಕಾಲ ಬಳಿ ಮಕ್ಕಳು ಕೂತಿರುತ್ತಾರೆ. ಓವರ್‌ಲುಕ್‌ನ ಫೋಟೋದಲ್ಲಿ ಕೋಟು ಹಾಕಿದ ಜ್ಯಾಕ್‌ನ ಹಿಂದೆ ನೂರಾರು ಜನ ನಗುತ್ತಿದ್ದಾರೆ. ಅವನ ಪಕ್ಕದಲ್ಲಿ ವೆಂಡಿ ಇಲ್ಲ, ಡ್ಯಾನಿ ಇಲ್ಲ. ಇಡೀ ಸಿನಿಮಾದಲ್ಲಿ ಅಷ್ಟು ನಿರಾಳವಾದ ಮುಖ ಅವನದು ಬೇರೆಲ್ಲೂ ಕಾಣುವುದಿಲ್ಲ.